ಮದ್ದಿಗೆ ಬಗ್ಗದ ಉಬ್ಬಸ: ಒಂದು ಚಿಕಿತ್ಸಾಚರಿತ್ರೆಯ ವಿಮರ್ಶೆ

ರೋಗವೊಂದರ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅದರ ಮದ್ದುಗಳ ಚರಿತ್ರೆಯನ್ನು ಬರೆದು ಮುಗಿಸುತ್ತಾರೆ. ಉಬ್ಬಸದ ವಿಷಯದಲ್ಲಂತೂ ಈ ಮಾತು ಪೂರ್ಣವಾಗಿ ಸಲ್ಲುತ್ತದೆ. ಜಪಾನಿನ ಟಕಮಿನೆ 1901ರಲ್ಲಿ ಅಡ್ರಿನಲಿನ್ ಸತ್ತ್ವವನ್ನು ಪ್ರಕಟಪಡಿಸಿದುದು, 1924ರಲ್ಲಿ ಚೀನದ ಮೂಲಿಕೆಯೊಂದರ ಎಫೆಡ್ರಿನ್ ಪಾಶ್ಚಾತ್ಯ ವೈದ್ಯರ ಕೈಸೇರಿದುದು, 1948ರಲ್ಲಿ ಹೆಂಚ್ ಮೊದಲಾದವರು ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಕೊಟ್ಟು ಎರಡೇ ವರ್ಷಗಳಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು, 1972ರಲ್ಲಿ ಉಸಿರಿನೊಡನೆ ಸೇದುವ ಸ್ಟೆರಾಯ್ಡ್ ಬಳಕೆಗೆ ಬಂದುದು—ಹೀಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುವ ವಿಜಯಕಥೆಯೊಂದು ನಮ್ಮ ಮುಂದಿದೆ. ಕಥೆ ಸುಳ್ಳಲ್ಲ, ಸ್ಟೆರಾಯ್ಡಿನಿಂದ ಬದುಕಿದವರ ಸಂಖ್ಯೆ ಬಹು ದೊಡ್ಡದು. ಆದರೆ ಆ ಮದ್ದು ಯಾರಿಗೆ ಹಿಡಿಯಲಿಲ್ಲವೋ ಅವರು ಈ ಕಥೆಯಲ್ಲಿ ಎಲ್ಲಿದ್ದಾರೆ ಎಂದು ಕೇಳಿದರೆ, ಒಂದು ಅಡಿಟಿಪ್ಪಣಿಯ ಹೊರತು ಬೇರೆ ಉತ್ತರ ದೊರೆಯುವುದು ಕಷ್ಟ. ಸಾಧಾರಣವಾದ ನೆಗಡಿಯೊಂದು ಎದೆಗಿಳಿದು ಉಬ್ಬಸವನ್ನು ಕೆರಳಿಸಿದಾಗ, ಶ್ವಾಸನಾಳದ ಉರಿಯೂತವು ಸ್ಟೆರಾಯ್ಡಿಗೂ ತಗ್ಗದೆ ನಿಲ್ಲುವ ಪ್ರಸಂಗವನ್ನು ಹಿಡಿದುಕೊಂಡು, ಆ ವಿಜಯಕಥೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಚರಿತ್ರೆಯ ಅಧ್ಯಾಪಕನೊಬ್ಬನು ವೈದ್ಯರ ಪ್ರಾಂತಕ್ಕೆ ಕಾಲಿಟ್ಟುದಕ್ಕೆ ಕಾರಣವಿಷ್ಟೆ: ಇಲ್ಲಿ ವಿಚಾರಣೆಗೆ ಗುರಿಯಾಗಿರುವುದು ರೋಗಿಯಲ್ಲ, ದಾಖಲೆ.

ಕೊಡಗಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವುದಕ್ಕೆ ವಿಶೇಷ ಕಾರಣವುಂಟು. ಇಲ್ಲಿಯ ರೋಗಚರಿತ್ರೆಯೆಂದರೆ ಮಲೇರಿಯಾದ ಚರಿತ್ರೆ ಎಂಬಂತೆ ರೂಢಿ ಬೆಳೆದಿದೆ. ಜ್ವರವು ಗುಂಪುಗುಂಪಾಗಿ ಜನರನ್ನು ಮಲಗಿಸುತ್ತಿತ್ತು. ತೋಟದ ಹಾಜರಿ ಪುಸ್ತಕದಲ್ಲಿಯೂ ಸರಕಾರದ ವರದಿಯಲ್ಲಿಯೂ ಅದು ತಾನಾಗಿಯೇ ಗೋಚರಿಸುತ್ತಿತ್ತು. ಉಬ್ಬಸ ಹಾಗಲ್ಲ. ಅದು ಒಬ್ಬೊಬ್ಬರನ್ನೇ, ರಾತ್ರಿಯ ಹೊತ್ತು, ಮನೆಯೊಳಗೆ ಹಿಡಿಯುತ್ತದೆ. ಬೆಳಗಾಗುವಾಗ ರೋಗಿ ಎದ್ದು ಕೆಲಸಕ್ಕೆ ಹೋಗಿರುವುದೂ ಉಂಟು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಸೀಮೆಯಲ್ಲಿ, ಬಾಗಿಲು ಮುಚ್ಚಿ ಒಲೆಯ ಸುತ್ತ ಸೇರುವ ಜನರಲ್ಲಿ ಒಬ್ಬರ ನೆಗಡಿ ಇನ್ನೊಬ್ಬರಿಗೆ ದಾಟುವುದಕ್ಕೆ ಬೇರೆ ಅನುಕೂಲವೇನೂ ಬೇಕಾಗಿಲ್ಲ. ಹಸಿ ಸೌದೆಯ ಹೊಗೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಗೂರಲು, ದಮ್ಮು, ಉಬ್ಬಸ ಎಂದು ಕನ್ನಡದಲ್ಲಿ ಈ ರೋಗಕ್ಕೆ ಇರುವ ಹೆಸರುಗಳೇ ಅದರ ಹಳೆಯ ಪರಿಚಯವನ್ನು ಸಾರುತ್ತವೆ.

ನಮ್ಮ ಹಳೆಯ ಗ್ರಂಥಗಳಲ್ಲಿ ನೆಗಡಿಗೂ ಉಬ್ಬಸಕ್ಕೂ ಇರುವ ನಂಟು ಗಮನಕ್ಕೆ ಬಾರದೆ ಹೋಗಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಐದು ಬಗೆಯ ಶ್ವಾಸಗಳನ್ನು ಹೇಳಿ, ತಮಕಶ್ವಾಸವನ್ನು ವರ್ಣಿಸುವಾಗ, ವಾಯು ಹಿಮ್ಮುಖವಾಗಿ ಏರಿ ಕಫವನ್ನು ಕದಡಿ ಪೀನಸವನ್ನುಂಟುಮಾಡುತ್ತದೆಯೆಂದೂ, ಅದರಿಂದ ತಡೆಯುಂಟಾಗಿ ಗೊರಗೊರ ಶಬ್ದವೂ ತೀವ್ರವಾದ ಏದುಸಿರೂ ಹುಟ್ಟುತ್ತವೆಯೆಂದೂ ಹೇಳಿದೆ. ರೋಗಿಗೆ ಮಲಗಲಾಗುವುದಿಲ್ಲ, ಕುಳಿತರೆ ಸಮಾಧಾನ. ಮೋಡ, ಮಳೆ, ಚಳಿ, ಮೂಡಣಗಾಳಿಗಳಿಂದ ಬಾಧೆ ಹೆಚ್ಚುತ್ತದೆ. ರೋಗ ಹೊಸತಾದರೆ ವಾಸಿಯಾದೀತು, ಹಳತಾದರೆ ತಡೆದಿಡಬಹುದಷ್ಟೆ. ಕೊಡಗಿನ ಮಳೆಗಾಲವನ್ನು ಕಂಡವರಿಗೆ ಈ ವರ್ಣನೆ ಅಪರಿಚಿತವೆನಿಸದು. ಆದರೆ ಇದನ್ನು ಹಿಡಿದು ಚರಕನಿಗೆ ವೈರಸ್ ಗೊತ್ತಿತ್ತೆಂದು ವಾದಿಸುವವರೂ ಇದ್ದಾರೆ, ಅದನ್ನು ಒಪ್ಪಲಾಗದು. ನೆಗಡಿಯನ್ನು ತರುವ ವೈರಸ್‌ಗಳಲ್ಲಿ ಮುಖ್ಯವಾದ ರೈನೋವೈರಸ್ ಪ್ರಯೋಗಶಾಲೆಯಲ್ಲಿ ದೊರೆತದ್ದು 1956ರಲ್ಲಿ. ಚರಕಸಂಹಿತೆಯಲ್ಲಿರುವುದು ಎಚ್ಚರದ ಕಣ್ಣು ಕಂಡ ಅನುಕ್ರಮ: ಮೊದಲು ಪೀನಸ, ಆಮೇಲೆ ಶ್ವಾಸ. ಆ ಕಣ್ಣಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಲು ಇಲ್ಲದ ಜ್ಞಾನವನ್ನು ಅದಕ್ಕೆ ಆರೋಪಿಸಬೇಕಾಗಿಲ್ಲ.

ಇದೇ ಎಚ್ಚರ ನಮ್ಮ ಮದ್ದುಸೊಪ್ಪಿನ ವಿಷಯದಲ್ಲಿಯೂ ಅಗತ್ಯ. ಕಕ್ಕಡ ತಿಂಗಳ 18ನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಈ ಸೊಪ್ಪಿನ ರಸದಿಂದ ಮಾಡಿದ ನೇರಳೆ ಬಣ್ಣದ ಪಾಯಸವನ್ನು ಕೊಡಗಿನ ಮನೆಮನೆಯಲ್ಲಿಯೂ ಉಣ್ಣುತ್ತಾರೆ. ಅಂದು ಅದರಲ್ಲಿ ಹದಿನೆಂಟು ಬಗೆಯ ಮದ್ದುಗಳು ಕೂಡಿರುತ್ತವೆಂಬುದು ನಂಬಿಕೆ. ಸಸ್ಯಶಾಸ್ತ್ರಜ್ಞರು ಇದನ್ನು ಜಸ್ಟೀಷಿಯ ಎಂಬ ಜಾತಿಗೆ ಸೇರಿಸಿದ್ದಾರೆ. ಕೆಮ್ಮು ದಮ್ಮುಗಳಿಗೆ ದೇಶದುದ್ದಕ್ಕೂ ಹೆಸರಾದ ಆಡುಸೋಗೆಯೂ ಅದೇ ಜಾತಿಯದು. ಆಡುಸೋಗೆಯ ವಾಸಿಸಿನ್ ಎಂಬ ಸತ್ತ್ವದ ಜಾಡನ್ನು ಹಿಡಿದೇ ಕಫವನ್ನು ತಿಳಿಗೊಳಿಸುವ ಬ್ರೋಮ್‌ಹೆಕ್ಸಿನ್ ಎಂಬ ಇಂದಿನ ಮದ್ದು ಹುಟ್ಟಿತು. ಇಷ್ಟರಿಂದ ಮದ್ದುಸೊಪ್ಪು ಉಬ್ಬಸವನ್ನು ನೀಗುತ್ತದೆಂದು ಹೇಳಬಹುದೆ? ಹೇಳಲಾಗದು. ಒಂದೇ ಮನೆತನದವರೆಂಬ ಮಾತ್ರಕ್ಕೆ ಅಣ್ಣನ ವಿದ್ಯೆ ತಮ್ಮನಿಗೆ ಬಂದಿರಬೇಕೆಂಬ ನಿಯಮವಿಲ್ಲ. ಪಾಯಸ ರುಚಿಯಾಗಿದೆ, ಸಂಪ್ರದಾಯ ಸೊಗಸಾಗಿದೆ. ಚರಿತ್ರೆಗೆ ಸದ್ಯಕ್ಕೆ ಅಷ್ಟು ಸಾಕು.

ಕೊಡಗಿಗೆ ಇನ್ನೂ ಹತ್ತಿರದ ವಸ್ತು ಕಾಫಿ. ಕಾಫಿಯೇ ಉಬ್ಬಸಕ್ಕೆ ಮದ್ದು ಎಂಬ ಮಾತನ್ನು ತೋಟದ ಮನೆಗಳಲ್ಲಿ ಅಭಿಮಾನದಿಂದ ಹೇಳುವವರಿದ್ದಾರೆ. ಅರ್ಧ ನಿಜವಾದ ಮಾತು ಇದು. ಯುರೋಪಿಯನ್ನರ ಮೊದಲ ಕಾಫಿತೋಟ ಮಡಿಕೇರಿಯ ಬಳಿ ಎದ್ದುದು 1854ರಲ್ಲಿ. 1860ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್, ತಾನೂ ಉಬ್ಬಸದ ರೋಗಿಯಾಗಿದ್ದವನು, ಆ ರೋಗವನ್ನು ಕುರಿತು ಬರೆದ ಗ್ರಂಥದಲ್ಲಿ ಗಟ್ಟಿಯಾದ ಕಾಫಿಯನ್ನು ಬರಿಹೊಟ್ಟೆಯಲ್ಲಿ ಕುಡಿಯಬೇಕೆಂದು ವಿಧಿಸಿದನು. ಕೇವಲ ಆರು ವರ್ಷಗಳ ಅಂತರವನ್ನು ಕಂಡು, ಕೊಡಗಿನ ಕಾಫಿಯೇ ಸಾಲ್ಟರನ ಬಟ್ಟಲನ್ನು ತುಂಬಿತೆಂದು ಬರೆಯುವ ಆಸೆ ಯಾರಿಗಾದರೂ ಆದೀತು. ಅದಕ್ಕೆ ಆಧಾರವಿಲ್ಲ. ಆಧಾರವಿರುವುದು ಬೇರೆ ಮಾತಿಗೆ: ಕಾಫಿಯ ಕೆಫೀನ್ ಶ್ವಾಸನಾಳವನ್ನು ಸ್ವಲ್ಪಮಟ್ಟಿಗೆ ಸಡಿಲಿಸುತ್ತದೆ, ಆ ಗುಣ ಸುಮಾರು ನಾಲ್ಕು ಗಂಟೆಗಳವರೆಗೆ ಇರಬಹುದೆಂದು ಪರೀಕ್ಷೆಗಳು ತೋರಿಸಿವೆ, ಆದಕಾರಣವೇ ಉಸಿರಿನ ಅಳತೆಗೆ ಹೋಗುವ ರೋಗಿಗೆ ಮುಂಚಿತವಾಗಿ ಕಾಫಿ ಕುಡಿಯಬೇಡಿರೆಂದು ಹೇಳುವುದು. ಆದರೆ ಸಡಿಲಿಸುವುದು ಬೇರೆ, ಉರಿಯೂತವನ್ನು ಆರಿಸುವುದು ಬೇರೆ. ಅಲ್ಲದೆ ಹಸಿ ಕಾಫಿಬೀಜದ ಧೂಳೇ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ದುಡಿಯುವ ಕೆಲವರಿಗೆ ಉಬ್ಬಸವನ್ನು ತರುತ್ತದೆಂಬುದು ವೈದ್ಯಕದಲ್ಲಿ ಸ್ಥಾಪಿತವಾದ ಸಂಗತಿ. ಅಭಿಮಾನದ ಕಥೆಯಲ್ಲಿ ಈ ಭಾಗ ಕೇಳಿಬರುವುದಿಲ್ಲ. ಕೆಫೀನಿನ ಹತ್ತಿರದ ಬಂಧುವಾದ ಥಿಯೋಫಿಲಿನನ್ನು 1888ರಲ್ಲಿ ಜರ್ಮನಿಯ ಕೊಸೆಲ್ ಚಹಾ ಎಲೆಯಿಂದ ಬೇರ್ಪಡಿಸಿದನು. ಅದರ ಮಾತು ಮುಂದೆ ಬರುತ್ತದೆ.

ಈಗ ಸ್ಟೆರಾಯ್ಡಿನ ಪ್ರಕರಣಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ವರ್ಷ 1948 ಅಲ್ಲ, 1972 ಅಲ್ಲ; 1958. ಇಂಗ್ಲೆಂಡಿನ ಡಾರ್ಬಿ ಪಟ್ಟಣದ ಎದೆರೋಗದ ವೈದ್ಯ ಹ್ಯಾರಿ ಮಾರೋ ಬ್ರೌನ್ ಆ ವರ್ಷ ಒಂದು ಲೇಖನವನ್ನು ಪ್ರಕಟಿಸಿದನು. ಅವನ ಸಾಧನಗಳು ಎರಡು: ಒಂದು ಪ್ರೆಡ್ನಿಸೊಲೋನ್ ಮಾತ್ರೆ, ಇನ್ನೊಂದು ಸೂಕ್ಷ್ಮದರ್ಶಕ. ರೋಗಿಗಳ ಕಫವನ್ನು ಗಾಜಿನ ಮೇಲೆ ಹಚ್ಚಿ ನೋಡಿದಾಗ, ಈಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳು ಕಫದಲ್ಲಿ ಕಂಡವರಿಗೆ ಮದ್ದು ಹಿಡಿಯಿತು, ಕಾಣದವರಿಗೆ ಹಿಡಿಯಲಿಲ್ಲ. ಮದ್ದಿನ ಫಲವನ್ನು ಮೊದಲೇ ಹೇಳಬಲ್ಲ ಇಷ್ಟು ಅಗ್ಗದ, ಇಷ್ಟು ಸರಳವಾದ ಪರೀಕ್ಷೆ ದೊರೆತ ಮೇಲೆ ಅದು ಆಸ್ಪತ್ರೆ ಆಸ್ಪತ್ರೆಗೂ ಹಬ್ಬಿತೆಂದು ಯಾರಾದರೂ ಊಹಿಸಿಯಾರು. ಹಬ್ಬಲಿಲ್ಲ. ಲೆಸ್ಟರ್ ನಗರದ ವೈದ್ಯರು ಕಫದಲ್ಲಿರುವ ಈಸಿನೋಫಿಲ್‌ಗಳ ಎಣಿಕೆಯನ್ನು ನೋಡಿ ಸ್ಟೆರಾಯ್ಡಿನ ಪ್ರಮಾಣವನ್ನು ನಿರ್ಧರಿಸಿದರೆ ಉಬ್ಬಸದ ತೀವ್ರ ಆಕ್ರಮಣಗಳು ಕಡಮೆಯಾಗುತ್ತವೆಂದು ಪರೀಕ್ಷೆಯಿಂದ ತೋರಿಸಿದುದು 2002ರಲ್ಲಿ. ನಡುವೆ 44 ವರ್ಷಗಳು. ವಿಚಿತ್ರವೆಂದರೆ, 1972ರಲ್ಲಿ ಬೆಕ್ಲೊಮೆಥಸೋನ್ ಎಂಬ ಸೇದುವ ಸ್ಟೆರಾಯ್ಡಿನ ಫಲವನ್ನು ಮೊದಲು ವರದಿ ಮಾಡಿದವನೂ ಇದೇ ಮಾರೋ ಬ್ರೌನ್. ಚರಿತ್ರೆಕಾರರು ಅವನ ಕೈಯಲ್ಲಿದ್ದ ಇನ್‌ಹೇಲರನ್ನು ನೆನೆದರು, ಗಾಜಿನ ಚೂರನ್ನು ಮರೆತರು. ಮದ್ದಿಗೆ ಮಾರುವವರುಂಟು, ಗಾಜಿನ ಮೇಲೆ ಹಚ್ಚಿದ ಕಫಕ್ಕೆ ಯಾರಿದ್ದಾರೆ?

ಮದ್ದು ಹಿಡಿಯದವರಿಗೆ ಮುಂದೆ ಒಂದು ಹೆಸರು ದೊರೆಯಿತು. 1968ರಲ್ಲಿ ಅಮೆರಿಕದ ವೈದ್ಯರು ‘ಸ್ಟೆರಾಯ್ಡ್ ಪ್ರತಿರೋಧ’ ಎಂಬ ಶಿರೋನಾಮೆಯಡಿ ಅಂಥ ರೋಗಿಗಳನ್ನು ವರ್ಣಿಸಿದರು. 1981ರಲ್ಲಿ ಬ್ರಿಟನ್ನಿನಿಂದ 58 ಮಂದಿಯ ವೃತ್ತಾಂತ ಬಂದಿತು. ಆ ಪದವನ್ನೇ ಸ್ವಲ್ಪ ವಿಮರ್ಶಿಸಬೇಕು. ಪ್ರತಿರೋಧವೆಂದಾಗ ರೋಗಿಯ ದೇಹವು ಮದ್ದಿನ ಮೇಲೆ ಹಗೆ ಸಾಧಿಸುತ್ತಿದೆಯೆಂಬ ಧ್ವನಿ ಹೊರಡುತ್ತದೆ. ವಾಸ್ತವದಲ್ಲಿ ಈ ಒಂದು ಹೆಸರಿನ ಕೆಳಗೆ ಹಲವು ಬೇರೆ ಬೇರೆ ಸಂಗತಿಗಳು ಗುಂಪುಗೂಡಿವೆ. ರೋಗ ಉಬ್ಬಸವೇ ಆಗಿರದಿರಬಹುದು. ಇನ್‌ಹೇಲರನ್ನು ಸೇದುವ ಕ್ರಮ ತಪ್ಪಿ ಮದ್ದು ಗಂಟಲಲ್ಲಿಯೇ ಉಳಿದಿರಬಹುದು. ಎರಡು ವಾರ ಸೇದಿ, ಗುಣ ಕಂಡೊಡನೆ ಬಿಟ್ಟಿರಬಹುದು. ಶ್ವಾಸನಾಳದ ಉರಿಯೂತದಲ್ಲಿ ಈಸಿನೋಫಿಲ್‌ಗಳ ಬದಲು ನ್ಯೂಟ್ರೋಫಿಲ್ ಎಂಬ ಬೇರೆ ಕಣಗಳು ಮುಂದಾಗಿರಬಹುದು. ಇವುಗಳ ಮೇಲೆ ಸ್ಟೆರಾಯ್ಡಿನ ಅಧಿಕಾರ ಕಡಮೆ. ಇಷ್ಟನ್ನೂ ಕಳೆದಮೇಲೆ ಉಳಿಯುವ ನಿಜವಾದ ಪ್ರತಿರೋಧ ವಿರಳ.

ನಮ್ಮ ದೇಶದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. 2019ರ ಜಾಗತಿಕ ಅಂದಾಜಿನ ಪ್ರಕಾರ ಜಗತ್ತಿನ ಉಬ್ಬಸದ ರೋಗಿಗಳಲ್ಲಿ ಸುಮಾರು ಎಂಟರಲ್ಲೊಂದು ಪಾಲು ಭಾರತದಲ್ಲಿದ್ದರೆ, ಆ ರೋಗದಿಂದ ಸತ್ತವರಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ನಮ್ಮವರು. ನಿತ್ಯವೂ ಸೇದಬೇಕಾದ ಸ್ಟೆರಾಯ್ಡ್ ಇಲ್ಲಿಯ ಬಹುಪಾಲು ರೋಗಿಗಳಿಗೆ ಮುಟ್ಟಿಯೇ ಇಲ್ಲ. ಮುಟ್ಟದ ಮದ್ದಿಗೆ ಪ್ರತಿರೋಧವೆಲ್ಲಿಯದು? ಅಂಕಿಗಳನ್ನು ಉದ್ಧರಿಸುವಾಗಲೂ ಎಚ್ಚರ ಬೇಕು. ಬೆಂಗಳೂರಿನ ಮಕ್ಕಳಲ್ಲಿ ಉಬ್ಬಸವು 1979ರಲ್ಲಿ ಶೇಕಡಾ 9 ಇದ್ದುದು 1999ರಲ್ಲಿ ಶೇಕಡಾ 29.5ಕ್ಕೆ ಏರಿತೆಂಬ ಡಾ. ಎಚ್. ಪರಮೇಶ್ ಅವರ ಲೆಕ್ಕ ಪ್ರಸಿದ್ಧವಾಗಿದೆ. ಅದು ಇಪ್ಪತ್ತು ಸಾವಿರ ಮಕ್ಕಳನ್ನು ಒಳಗೊಂಡ, ಬಹು ಶ್ರಮದ ಕೆಲಸ. ಆದರೆ ಅದರ ಆಧಾರ ಆಸ್ಪತ್ರೆ. ಆಸ್ಪತ್ರೆಯ ಬಾಗಿಲಲ್ಲಿ ಎಣಿಸಿದ ಪಾಲನ್ನು ಊರಿನ ಪಾಲೆಂದು ಬರೆಯುವ ಅಭ್ಯಾಸ ಮೂಲಲೇಖಕರದಲ್ಲ, ಉದ್ಧರಿಸುವವರದು.

ವೈರಸ್ಸಿನ ಪಾತ್ರಕ್ಕೆ ಹಿಂದಿರುಗೋಣ. 1995ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನವರು 9ರಿಂದ 11 ವರ್ಷದ ಶಾಲಾಮಕ್ಕಳನ್ನು ವರ್ಷವಿಡೀ ಅನುಸರಿಸಿ, ಉಬ್ಬಸ ಉಲ್ಬಣಿಸಿದ ಪ್ರಸಂಗಗಳಲ್ಲಿ ಶೇಕಡಾ 80ರಷ್ಟರಲ್ಲಿ ವೈರಸ್ ಇರುವುದನ್ನು ತೋರಿಸಿದರು. ಅವುಗಳಲ್ಲಿ ಹೆಚ್ಚಿನವು ರೈನೋವೈರಸ್. ಸ್ಟೆರಾಯ್ಡ್ ಕೆಲಸ ಮಾಡುವ ಬಗೆಯನ್ನು ಬಲ್ಲವರಿಗೆ ಇದರ ಅರ್ಥ ಹೊಳೆಯುತ್ತದೆ. ಅದು ಜೀವಕೋಶವನ್ನು ಹೊಕ್ಕು, ತನ್ನ ಗ್ರಾಹಕ ಪ್ರೋಟೀನನ್ನು ಹಿಡಿದು, ಅದರೊಡನೆ ಕೋಶಕೇಂದ್ರಕ್ಕೆ ಸಾಗಬೇಕು. ಅಲ್ಲಿ ಎಚ್‌ಡಿಎಸಿ–2 ಎಂಬ ಕಿಣ್ವದ ನೆರವಿನಿಂದ, ಉರಿಯೂತವನ್ನು ಹುಟ್ಟಿಸುವ ಜೀನುಗಳ ಬಿಚ್ಚಿದ ಸುರುಳಿಯನ್ನು ಮತ್ತೆ ಸುತ್ತಿಡಬೇಕು. ರೈನೋವೈರಸ್ ತಗಲಿದ ಶ್ವಾಸನಾಳದ ಕೋಶಗಳಲ್ಲಿ ಗ್ರಾಹಕವು ಕೇಂದ್ರವನ್ನು ಸೇರುವುದೇ ಕುಂಠಿತವಾಗುತ್ತದೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ. ಹೊಗೆ ಆ ಕಿಣ್ವವನ್ನೇ ಕುಗ್ಗಿಸುತ್ತದೆ. ಎಂದಮೇಲೆ ಮಳೆಗಾಲದ ನೆಗಡಿ, ಬೀಡಿ, ಸೌದೆಯ ಹೊಗೆ ಇವು ಕೂಡಿದಲ್ಲಿ ಬೇಸಗೆಯಲ್ಲಿ ಹಿಡಿದ ಮದ್ದು ಜುಲೈಯಲ್ಲಿ ಹಿಡಿಯದಿರುವುದು ಸಂಭವನೀಯ. ಈ ಪ್ರತಿರೋಧ ವ್ಯಕ್ತಿಯದಲ್ಲ, ಋತುವಿನದು.

ಸಂಭವನೀಯವಾದುದೆಲ್ಲ ಸಿದ್ಧವಾದುದಲ್ಲ ಎಂಬುದಕ್ಕೂ ನಿದರ್ಶನ ಇಲ್ಲಿಯೇ ಇದೆ. 2009ರಲ್ಲಿ ಇಂಗ್ಲೆಂಡಿನ ಮೂರು ಆಸ್ಪತ್ರೆಗಳಲ್ಲಿ, ವೈರಸ್ಸಿನಿಂದ ಏದುಸಿರು ಬಂದ ಸುಮಾರು 700 ಎಳೆಯ ಮಕ್ಕಳಲ್ಲಿ ಕೆಲವರಿಗೆ ಪ್ರೆಡ್ನಿಸೊಲೋನನ್ನೂ ಕೆಲವರಿಗೆ ಹುಸಿಮದ್ದನ್ನೂ ಕೊಟ್ಟು ನೋಡಿದಾಗ, ಆಸ್ಪತ್ರೆಯಲ್ಲಿ ಉಳಿಯುವ ಅವಧಿಯಲ್ಲಿ ಗಣ್ಯವಾದ ಭೇದ ಕಾಣಲಿಲ್ಲ. 2018ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಎರಡರಿಂದ ಆರು ವರ್ಷದ ಮಕ್ಕಳ ಮೇಲೆ ನಡೆದ ಇಂಥದೇ ಪರೀಕ್ಷೆ ಅದಕ್ಕೆ ವಿರುದ್ಧವಾಗಿ, ಮದ್ದು ಪಡೆದವರು ಬೇಗ ಮನೆಗೆ ಹೋದರೆಂದು ತಿಳಿಸಿತು. ಎಳೆಯ ಮಕ್ಕಳ ಏದುಸಿರೆಲ್ಲ ಉಬ್ಬಸವಲ್ಲವಾದ್ದರಿಂದ ಎರಡು ಪರೀಕ್ಷೆಗಳೂ ಬೇರೆ ಬೇರೆ ಮಕ್ಕಳ ಗುಂಪನ್ನು ಅಳೆದಿರಬಹುದು. ಮೊದಲನೆಯದನ್ನು ಮಾತ್ರ ಉದ್ಧರಿಸಿ ಸ್ಟೆರಾಯ್ಡ್ ವ್ಯರ್ಥವೆನ್ನುವವರೂ, ಎರಡನೆಯದನ್ನು ಮಾತ್ರ ಉದ್ಧರಿಸಿ ಎಲ್ಲ ಮಕ್ಕಳಿಗೂ ಕೊಡುವವರೂ ಸಮಾನವಾಗಿ ಪಕ್ಷಪಾತಿಗಳು. ದೊಡ್ಡವರ ತೀವ್ರ ಉಬ್ಬಸದಲ್ಲಿ ಸ್ಟೆರಾಯ್ಡ್ ಪ್ರಾಣರಕ್ಷಕವೆಂಬುದು ಇದರಿಂದ ಕದಲುವುದಿಲ್ಲ. ಈ ಲೇಖನವನ್ನು ಓದಿ ಯಾರೂ ತಮ್ಮ ಇನ್‌ಹೇಲರನ್ನು ಬದಿಗಿಡಬಾರದು.

ಥಿಯೋಫಿಲಿನ್ ಮತ್ತೆ ರಂಗಕ್ಕೆ ಬಂದುದು ಈ ಹಂತದಲ್ಲಿ. ಇನ್‌ಹೇಲರುಗಳು ಬಂದಮೇಲೆ ಪಾಶ್ಚಾತ್ಯರು ಬಹುಮಟ್ಟಿಗೆ ಕೈಬಿಟ್ಟ ಈ ಮದ್ದು ನಮ್ಮಲ್ಲಿ ಅಗ್ಗವೆಂಬ ಕಾರಣದಿಂದ ಉಳಿದುಕೊಂಡಿತು. ‘ಡೆರಿಫಿಲಿನ್’ ಎಂಬ ಹೆಸರಿನ ಮಾತ್ರೆ ಮತ್ತು ಸೂಜಿಮದ್ದನ್ನು ಅರಿಯದ ಉಬ್ಬಸದ ರೋಗಿ ಕರ್ನಾಟಕದಲ್ಲಿ ವಿರಳ. 2002ರಲ್ಲಿ ಲಂಡನ್ನಿನ ಬಾರ್ನ್ಸ್ ಮತ್ತು ಇಟೊ ಮೊದಲಾದವರು, ಶ್ವಾಸನಾಳವನ್ನು ಸಡಿಲಿಸಲು ಬೇಕಾದುದಕ್ಕಿಂತ ಕಡಮೆ ಪ್ರಮಾಣದಲ್ಲಿಯೇ ಥಿಯೋಫಿಲಿನ್ ಆ ಸುರುಳಿ ಸುತ್ತುವ ಕಿಣ್ವವನ್ನು ಚುರುಕುಗೊಳಿಸುತ್ತದೆಂದು ಪ್ರಕಟಿಸಿದರು. ಹಳೆಯ ಅಗ್ಗದ ಮದ್ದು ಸ್ಟೆರಾಯ್ಡಿಗೆ ಕಳೆದ ಬಲವನ್ನು ಮರಳಿ ಕೊಡಬಹುದೆಂಬ ಆಸೆ ಹುಟ್ಟಿತು. ಬಡರಾಷ್ಟ್ರಗಳ ಪಾಲಿಗೆ ಇದಕ್ಕಿಂತ ಶುಭವಾರ್ತೆ ಬೇರೆಯಿಲ್ಲವೆಂದು ತೋರಿತು. ಬ್ರಿಟನ್ನಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಅದನ್ನು ಒರೆಗೆ ಹಚ್ಚಿದರು—ಉಬ್ಬಸದಲ್ಲಲ್ಲ, ಹೊಗೆಯಿಂದ ಬರುವ ದೀರ್ಘಕಾಲದ ಶ್ವಾಸಕೋಶರೋಗದಲ್ಲಿ. 2018ರಲ್ಲಿ ಪ್ರಕಟವಾದ ಫಲ: ಸೇದುವ ಸ್ಟೆರಾಯ್ಡಿನೊಡನೆ ಕಡಮೆ ಪ್ರಮಾಣದ ಥಿಯೋಫಿಲಿನ್ ಸೇರಿಸಿದುದರಿಂದ ಆಕ್ರಮಣಗಳ ಸಂಖ್ಯೆ ತಗ್ಗಲಿಲ್ಲ. ಆಸೆಯ ಲೇಖನವನ್ನು ಉದ್ಧರಿಸುವವರು ಈ ನಿರಾಸೆಯ ಲೇಖನವನ್ನೂ ಅದರ ಪಕ್ಕದಲ್ಲಿಡಬೇಕು.

ನಮ್ಮಲ್ಲಿ ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಥಿಯೋಫಿಲಿನ್ ರಕ್ತದಲ್ಲಿ ಸ್ವಲ್ಪ ಏರಿದರೂ ವಾಂತಿ, ಎದೆಬಡಿತ, ಇನ್ನೂ ಏರಿದರೆ ಸೆಳವು ಬರುತ್ತದೆ. ಇನ್‌ಫ್ಲುಯೆಂಜದಂಥ ಜ್ವರದಲ್ಲಿ ಯಕೃತ್ತು ಅದನ್ನು ಕಳೆಯುವ ವೇಗ ತಗ್ಗಿ, ಎಂದಿನ ಪ್ರಮಾಣವೇ ವಿಷವಾಗಬಲ್ಲದು. ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್‌ಗಳು ಜೊತೆಗೂಡಿದರೆ ಅಪಾಯ ಇಮ್ಮಡಿ. ಎಂದರೆ, ವೈರಸ್ಸಿನ ದಿನಗಳಲ್ಲಿ ನೆರವಾಗುವುದೆಂದು ಯಾವ ಮದ್ದನ್ನು ಎಣಿಸಿದ್ದೆವೋ ಅದು ಆ ದಿನಗಳಲ್ಲಿಯೇ ಹೆಚ್ಚು ನಂಬಲಾಗದ್ದು. ಜ್ವರ, ನೆಗಡಿ, ದಮ್ಮು ಮೂರೂ ಕೂಡಿ ಬಂದ ತೋಟದ ಕೂಲಿಯವನಿಗೆ ಒಂದೇ ಚೀಟಿಯಲ್ಲಿ ಡೆರಿಫಿಲಿನ್ನನ್ನೂ ಇಂಥ ಆ್ಯಂಟಿಬಯಾಟಿಕ್ಕನ್ನೂ ಬರೆಯುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದು ಅಲಕ್ಷಿಸತಕ್ಕ ವಿಷಯವಲ್ಲ.

ಹಾಗಾದರೆ ಮಾರೋ ಬ್ರೌನನ ಗಾಜನ್ನು ಇಂದು ಮಡಿಕೇರಿಯಲ್ಲಿ ಬಳಸಬಹುದೆ? ಕಫದ ಪರೀಕ್ಷೆ ಸುಲಭವಲ್ಲದಿದ್ದರೂ ರಕ್ತದಲ್ಲಿ ಈಸಿನೋಫಿಲ್‌ಗಳನ್ನು ಎಣಿಸುವ ಸೌಕರ್ಯ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಉಂಟು. ಆದರೆ ಡಾರ್ಬಿಯ ನಿಯಮವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಬರಿಗಾಲಿನಲ್ಲಿ ನಡೆಯುವವರ ಹೊಟ್ಟೆಯಲ್ಲಿ ಕೊಕ್ಕೆಹುಳುವಿದ್ದರೆ ಉಬ್ಬಸವಿಲ್ಲದೆಯೂ ಈಸಿನೋಫಿಲ್ ಏರುತ್ತದೆ. ರಾತ್ರಿಯ ಕೆಮ್ಮು ಮತ್ತು ಏದುಸಿರು, ಅದರ ಜೊತೆಗೆ ಬಹು ಹೆಚ್ಚಾದ ಈಸಿನೋಫಿಲ್—ಈ ಲಕ್ಷಣಗಳ ರೋಗವನ್ನು ಮದನಪಲ್ಲಿಯ ಕ್ಷಯರೋಗಾಶ್ರಮದ ವೈದ್ಯರು 1940ರಲ್ಲಿ ವರ್ಣಿಸಿದರು. 1943ರಲ್ಲಿ ವೈನ್‌ಗಾರ್ಟನ್ ಅದಕ್ಕೆ ಉಷ್ಣವಲಯದ ಈಸಿನೋಫಿಲಿಯ ಎಂದು ಹೆಸರಿಟ್ಟನು. ಅದು ಆನೆಕಾಲಿನ ಹುಳುವಿನ ವರ್ಗದಿಂದ ಬರುವ ಬೇರೆಯೇ ರೋಗ. ಅದಕ್ಕೆ ಮದ್ದು ಡೈಇಥೈಲ್‌ಕಾರ್ಬಮಜಿನ್. ನಮ್ಮ ಹಿರಿಯರ ತಲೆಮಾರಿನಲ್ಲಿ ಎಲ್ಲ ದಮ್ಮನ್ನೂ ‘ಈಸ್ನೋಫೀಲಿಯ’ ಎಂದು ಕರೆಯುತ್ತಿದ್ದುದರ ಮೂಲ ಇದು. ಇಂಥ ರೋಗಿಗೆ ಸ್ಟೆರಾಯ್ಡ್ ಕೊಟ್ಟು ಗುಣವಾಗಲಿಲ್ಲವೆಂದು ಪ್ರತಿರೋಧದ ಪಟ್ಟಿಗೆ ಸೇರಿಸುವುದು ರೋಗವನ್ನೇ ತಪ್ಪಾಗಿ ಓದಿದಂತೆ.

ಇತ್ತೀಚಿನ ಚಿಕಿತ್ಸೆಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 2017ರಲ್ಲಿ ಆಸ್ಟ್ರೇಲಿಯದವರು ವಾರಕ್ಕೆ ಮೂರು ಸಲದಂತೆ 48 ವಾರ ಅಜಿತ್ರೊಮೈಸಿನ್ ಕೊಟ್ಟು ಆಕ್ರಮಣಗಳು ಕಡಮೆಯಾದುದನ್ನು ಕಂಡರು. ಆಕ್ರಮಣ ಆರಂಭವಾದಮೇಲೆ ಕೊಟ್ಟರೆ ಗುಣವಿಲ್ಲವೆಂದು 2016ರ ಬ್ರಿಟಿಷ್ ಪರೀಕ್ಷೆ ತೋರಿಸಿತ್ತು. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನೆಗಡಿಯ ಋತುವಿಗೆ ಮುಂಚೆಯೇ ಓಮಲಿಜುಮ್ಯಾಬ್ ಚುಚ್ಚಿದ ಮಕ್ಕಳಿಗೆ ಆಕ್ರಮಣ ಕಡಮೆಯಾಯಿತು. ವೈರಸ್ಸನ್ನು ಎದುರಿಸುವ ಇಂಟರ್‌ಫೆರಾನಿನ ಶಕ್ತಿಯೂ ಅವರಲ್ಲಿ ಹೆಚ್ಚಿತ್ತು. ಋತುವಿಗೆ ಮುಂಚೆ ಎಂಬ ಈ ಕಲ್ಪನೆ ಮುಂಗಾರಿನ ನಾಡಿಗೆ ಒಗ್ಗುವಂಥದು, ಬೆಲೆ ಒಗ್ಗುವುದಿಲ್ಲ. 2024ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯ ಪ್ರಕಾರ, ಈಸಿನೋಫಿಲ್ ಹೆಚ್ಚಿರುವವರ ಆಕ್ರಮಣದ ವೇಳೆಯಲ್ಲಿ ಬೆನ್ರಲಿಜುಮ್ಯಾಬ್ ಎಂಬ ಒಂದೇ ಸೂಜಿಮದ್ದು ಪ್ರೆಡ್ನಿಸೊಲೋನಿಗಿಂತ ಮೇಲಾಯಿತು. ರೋಗಿಗಳನ್ನು ಆರಿಸಿದ ಲಕ್ಷಣ ಡಾರ್ಬಿಯಲ್ಲಿ 1958ರಲ್ಲಿ ಕಂಡದ್ದೇ, ಕಫದ ಬದಲು ರಕ್ತದಲ್ಲಿ ಎಣಿಸಿದ್ದು. ಈಸಿನೋಫಿಲ್ ಕಡಮೆಯಿರುವವರಿಗೆ ಆ ಪರೀಕ್ಷೆಯಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ ಸದ್ಯಕ್ಕಿರುವುದು ಅಜಿತ್ರೊಮೈಸಿನ್, 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಜೆಪೆಲುಮ್ಯಾಬ್, ಮತ್ತು ಹೊಗೆಯಿಂದ ದೂರವಿರಿ ಎಂಬ ಸಲಹೆ. ಇವುಗಳಲ್ಲಿ ಕೊನೆಯದೊಂದೇ ತೋಟದ ಲೈನುಮನೆಯವರೆಗೆ ತಲುಪುವಂಥದು, ಅದೂ ಒಲೆ ಬದಲಾದರೆ.